ಹೊಗೆ ನಿಂತ ಮೇಲೆ

ಗೋಕುಲ ರಸ್ತೆಯ ಒಂದು ದಿನಪತ್ರಿಕೆಯ ಮುದ್ರಣಾಲಯದಲ್ಲಿ ಗೌಸಮೊದ್ದೀನರ ಕೆಲಸ ರದ್ದಿ ಸುಡುವುದು. ಹರಿದ ಕಾಗದ, ಕೆಟ್ಟ ಪ್ರತಿಗಳು, ಮಸಿ ಒರೆಸಿದ ಅರಿವೆ ಎಲ್ಲವನ್ನೂ ದಿನಾ ಸಂಜೆ ಹಿತ್ತಲಿಗೆ ಒಯ್ದು ಬೆಂಕಿ ಹಚ್ಚುತ್ತಿದ್ದರು. ಹಿಂದಿನ ಮನೆಯ ಮಾಳವ್ವನಿಗೂ ಅವರಿಗೂ ಇದೇ ಕಾರಣಕ್ಕೆ ವರ್ಷಗಟ್ಟಲೆ ಜಗಳ. ಒಣಹಾಕಿದ ಸೀರೆಯ ಮೇಲೆ ಬೂದಿ ಬಿದ್ದಾಗಲೆಲ್ಲ ಆಕೆ ಗೋಡೆಯಾಚೆಯಿಂದ ಬೈಯುತ್ತಿದ್ದಳು. ಅವರು ಕೆಮ್ಮುತ್ತ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು.

೨೦೦೫ರಲ್ಲಿ ಕಂಪನಿ ಸುಡುವುದನ್ನು ನಿಲ್ಲಿಸಿತು. ಗಾಳಿಗೆ ಸೇರುವ ಇಂಗಾಲ ಕಡಿಮೆಯಾಗಬೇಕು, ರದ್ದಿಯೆಲ್ಲ ಗಿರಣಿಗೆ ಹೋಗಿ ಮತ್ತೆ ಕಾಗದವಾಗಬೇಕು ಎಂದು ಮ್ಯಾನೇಜರ್ ವಿದ್ಯಾ ಎಲ್ಲರನ್ನೂ ಕೂರಿಸಿ ಹೇಳಿದರು. ಗೌಸಮೊದ್ದೀನರು ಎದ್ದು ನಿಂತರು.

“ಹಂಗಾರ ನನ್ನ ಕೆಲಸ ಹೋತೇನ್ರಿ ಮೇಡಂ?”

“ಇಲ್ಲರಿ ಕಾಕಾ. ಇನ್ನ ಮ್ಯಾಲೆ ಕಾಗದ ಆರಿಸಿ ಗಂಟು ಕಟ್ಟೂದು ನಿಮ್ಮ ಕೆಲಸ.”

ಆ ವಾರವೇ ಒಂದು ಸಂಜೆ ಮಾಳವ್ವ ಗೇಟಿಗೆ ಬಂದು ನಿಂತಳು. ಮತ್ತೆ ಜಗಳಕ್ಕೆ ಬಂದಳೆಂದೇ ಅವರು ತಿಳಿದರು.

“ಯಾಕ್ರಿ ಅಣ್ಣಾರ, ಹೊಗಿನ ಕಾಣವಲ್ದು. ಮೈಯಾಗ ಆರಾಮ ಇಲ್ಲೇನೋ ಅಂತ ನೋಡಾಕ ಬಂದೇನಿ.”

“ಆರಾಮ ಅದೇನಿ ಮಾಳವ್ವ. ಇನ್ನ ಸುಡೂದಿಲ್ಲ.”

ಆಕೆ ಸೆರಗು ಸರಿಮಾಡಿಕೊಂಡಳು. “ಖರೇ ಹೇಳಬೇಕಂದ್ರ, ಆ ಹೊಗಿ ಕುಡದಾವ್ರು ನೀವು. ನಾ ಬರೇ ನನ್ನ ಸೀರಿ ನೋಡಿದೆ.”

ಗೌಸಮೊದ್ದೀನರು ಒಳಗಿನಿಂದ ಕುರ್ಚಿ ತಂದು ಹಾಕಿ, ಎದುರಿನ ಅಂಗಡಿಗೆ ಎರಡು ಚಹಾ ಹೇಳಿದರು.