ಪರದೆಯ ಹಿಂದಿನ ಉತ್ತರಗಳು

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದು ಊರಿಗೆ ಮರಳಿದವರ ಮನೆಗೆ ಹೋಗಿ, ‘ನಿಮ್ಮನ್ನು ಹೇಗೆ ನೋಡಿಕೊಂಡರು?’ ಎಂದು ಕೇಳಿ ಬರೆದುಕೊಳ್ಳುವುದು ಆಗ ನನ್ನ ಕೆಲಸ. ಪ್ರತಿ ಪ್ರಶ್ನೆಗೂ ರೋಗಿ ಒಂದರಿಂದ ಐದರವರೆಗೆ ಅಂಕ ಕೊಡಬೇಕು; ಐದೆಂದರೆ ಬಹಳ ಚೆನ್ನ.

ಗಬ್ಬೂರಿನಲ್ಲಿ ಬಸ್ಸಿಳಿದಾಗ ಸುಡುವ ಮಧ್ಯಾಹ್ನ. ಪಟ್ಟಿಯಲ್ಲಿದ್ದವರು ಗಂಟಲಿನ ಕ್ಯಾನ್ಸರಿನ ಒಬ್ಬ ಮುದುಕಿ. ಬಾಗಿಲು ತೆರೆದ ಸೊಸೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟಳು.

“ಅತ್ತಿ ಒಳಗ ಮಲಗ್ಯಾಳ್ರಿ. ಹೊಸಬರ ಮುಂದ ಮಾತಾಡಂಗಿಲ್ಲ. ನೀವು ಕೇಳ್ರಿ, ನಾ ಅಕಿನ್ನ ಕೇಳ್ಕೊಂಡು ಬರ್ತೀನಿ.”

ನಾನು ಪ್ರಶ್ನೆ ಓದಿದರೆ ಅವಳು ಒಳಕೋಣೆಯ ಪರದೆ ಸರಿಸಿ ಹೋಗುತ್ತಿದ್ದಳು. “ಯವ್ವಾ, ನೋವಾದಾಗ ಲಗೂನ ಔಷಧ ಕೊಟ್ರಾ ಅಂತ ಕೇಳಾಕತ್ತಾರ.” ತುಸು ಹೊತ್ತಿನ ಮೇಲೆ ಮತ್ತೊಂದು ದನಿ, ವಯಸ್ಸಾದದ್ದು, ಗಡುಸಾದದ್ದು: “ಮಂದಿ ಚಲೋ ಅದಾರ. ಖರೇ, ಕರದ್ರ ಬರಾಕ ತಡಾ ಮಾಡ್ತಿದ್ರು. ಮೂರು ಅಂತ ಹೇಳು.”

ಗಂಟಲು ಕೆಟ್ಟವರಿಗೆ ಇಷ್ಟು ತಿಳಿಯಾದ ದನಿಯೇ ಎಂದು ಅಚ್ಚರಿಯಾಯಿತು. ಚಿಕಿತ್ಸೆ ಫಲಿಸಿರಬೇಕು ಎಂದುಕೊಂಡೆ. ಬಹಳ ಮಂದಿ ಹೆದರಿ ಎಲ್ಲದಕ್ಕೂ ಐದು ಎನ್ನುತ್ತಿದ್ದರು. ಇಲ್ಲಿ ಒಬ್ಬರು ತೂಗಿ ನೋಡಿ ಹೇಳುತ್ತಿದ್ದಾರಲ್ಲ ಎಂದು ನನಗೆ ಖುಷಿಯೂ ಆಗಿತ್ತು.

ಎಂಟನೆಯ ಪ್ರಶ್ನೆಗೆ ಅವಳು ಒಳಗೆ ಹೋಗಿದ್ದಾಗ ಮುದುಕಿಯ ಮಗ ಹೊಲದಿಂದ ಬಂದ.

“ಯಾರ್ನ ಕೇಳಾಕತ್ತೀರಿ?”

“ನಿಮ್ಮ ತಾಯಿಯವರನ್ನ.”

“ಯವ್ವ ಹೋಗಿ ಹದಿನೆಂಟು ದಿನ ಆತಲ್ರೀ!”

ಒಳಗೆ ಆ ದನಿ ಇನ್ನೂ ಮಾತಾಡುತ್ತಲೇ ಇತ್ತು. ಅವನಿಗೂ ಅದು ಕೇಳಿಸಿತು. ಹೆಗಲ ಮೇಲಿನ ಟವೆಲ್ ಕೆಳಗೆ ಬಿತ್ತು.

ಅವನು ಪರದೆ ಸರಿಸಿದ. ಬರಿಯ ಮಂಚ, ಮಡಿಸಿಟ್ಟ ಕೌದಿ. ಮಂಚದ ಬಳಿ ನೆಲದಲ್ಲಿ ಕೂತಿದ್ದ ಸೊಸೆ ನಮ್ಮತ್ತ ತಿರುಗಿ, ಅದೇ ಮುದಿ ದನಿಯಲ್ಲಿ “ನಾಕು ಅಂತ...” ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

“ಬ್ಯಾನಿ ಬರೂಕಿಂತ ಮೊದಲ ಯವ್ವನ ದನಿ ಹಿಂಗ ಇತ್ರಿ,” ಎಂದ ಮಗ, ನನ್ನ ಮುಖ ನೋಡದೆ.

ಸೊಸೆ ನಾಚಲಿಲ್ಲ, ಅಳಲೂ ಇಲ್ಲ. ತನ್ನದೇ ಮೆತ್ತನೆಯ ದನಿಯಲ್ಲಿ ಹೇಳಿದಳು: “ದವಾಖಾನ್ಯಾಗ ಅಕಿಗೆ ದನಿ ಇರಲಿಲ್ರಿ. ಎಲ್ಲಿ ನೋವು, ಎಷ್ಟು ನೋವು, ಎಲ್ಲಾ ನನ್ನ ಕೇಳ್ತಿದ್ರು. ಅಕಿ ಮಾರಿ ನೋಡಿ ನಾ ಹೇಳ್ತಿದ್ದೆ. ಈಗ ಯಾರರ ಅಕಿ ಸುದ್ದಿ ಕೇಳಿದ್ರ, ಅಕಿ ದನಿ ತಾನ ಹಿಂಗ ಬರ್ತದ.” ಕೌದಿಯ ಮಡಿಕೆ ಸರಿಪಡಿಸುತ್ತ, “ನಾ ಹೇಳಿದ್ದು ಖರೇನೋ ಸುಳ್ಳೋ, ಅಕಿನ್ನ ಒಬ್ರೂ ಕೇಳಲಿಲ್ಲ,” ಎಂದಳು.

ರೋಗಿ ತೀರಿದ್ದರೆ ಉತ್ತರ ಬರೆದ ಹಾಳೆ ರದ್ದು ಎಂಬುದು ನಿಯಮ. ಬಸ್ಸಿನಲ್ಲಿ ಕೂತು ಅದರ ಮೇಲೆ ಅಡ್ಡಗೆರೆ ಎಳೆದೆ.

ಮರುವಾರ ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿಗೆ ಹೋದೆ. ಅಲ್ಲಿ ಬಾಯಿ ಕ್ಯಾನ್ಸರಿನ ಒಬ್ಬ ಅಜ್ಜ. ಅವರ ಮಗನಿಗೆ ಹೊರಗೆ ಕೂರಲು ಹೇಳಿ ಮೊದಲ ಪ್ರಶ್ನೆ ಓದಿದೆ. ಅಜ್ಜನ ತುಟಿ ಅಲುಗುವಷ್ಟರಲ್ಲಿ ಕಟ್ಟೆಯಿಂದ ಮಗನ ದನಿ ಬಂತು: “ಐದು ಅಂತ ಬರ್ಕೋರಿ!”

ಎದ್ದು ಕದ ಹಾಕಿ ಬಂದೆ.

ಅಜ್ಜ ತೊದಲುತ್ತ, “ನನ್ನ ಕೇಳಾಕತ್ತೀರೇನ್ರಿ?” ಎಂದರು.

“ಹೌದು ಯಪ್ಪಾ, ನಿಮ್ಮನ್ನ.”

ಅವರು ಮುಚ್ಚಿದ ಕದವನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಎರಡು ಬೆರಳು ಎತ್ತಿದರು.