ದೊಡ್ಡವ್ವ ಗೆರೆ ಎಳೆದ ಅಡಿಗೆಮನೆ

ಕೆಮ್ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ತುಳಿದು ಕೊಳೆಯಲು ಬಿಟ್ಟಾಗ ಏಳುವ ಒಂದು ವಾಸನೆಯಿದೆ. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ಗಂಟಲವರೆಗೆ ಇಳಿಯುವ ವಾಸನೆ. ಮಣ್ಣಿನ ಗೋಡೆಗಳ ಕಾಲ ಮುಗಿದದ್ದರಿಂದ ಅದೀಗ ಅಪರೂಪ. ಮೊನ್ನೆ ದಾರಿಯಲ್ಲಿ ಯಾರೋ ಹಳೆಯ ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಮೊಣಕೈವರೆಗೆ ಕೆಸರಾದ ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ ಕೆಂಪಮ್ಮ, ಕಣ್ಣ ಮುಂದೆ ಬಂದಳು.

ನಾವು ಹಾಸನದ ಕಡೆಯವರು. ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ದಿನಗಳಲ್ಲಿ ಅಜ್ಜ ಕುಶಾಲನಗರದ ಹತ್ತಿರ ಜಮೀನು ಹಿಡಿದು, ಸಂಸಾರವನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದ. ಶನಿವಾರಸಂತೆ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಗಾಡಿ ಮಗುಚಿ ದೊಡ್ಡವ್ವನ ಬಲಮಂಡಿ ಮುರಿಯಿತು. ಮೂಳೆ ಕೂಡಿತು, ಮಂಡಿ ಮಾತ್ರ ಮಡಿಸಲು ಬರಲಿಲ್ಲ. ನಡೆಯುತ್ತಿದ್ದಳು, ನಿಲ್ಲುತ್ತಿದ್ದಳು, ನೆಲದ ಮೇಲಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರಲಾಗುತ್ತಿರಲಿಲ್ಲ. ಆ ಕಾಲದಲ್ಲಿ ಕೂರಲಾಗದ ಸೊಸೆಯೆಂದರೆ ಏನೆಂದು ನಿಮ್ಮಲ್ಲಿ ಹಳಬರಿಗೆ ಹೇಳಬೇಕಿಲ್ಲ. ಬಂದ ಹೊಸದರಲ್ಲಿ ಗುಡಿಸಲಿನಲ್ಲಿದ್ದಷ್ಟು ದಿನ ಅವಳು ಹೊರಗೆ ಬಂಡೆಗೆ ಒರಗಿ ಅವರೆಕಾಯಿ ಸುಲಿದಳು, ಅಡಿಗೆಯೆಲ್ಲ ನನ್ನ ಅವ್ವನ ಪಾಲಿಗೆ ಬಿತ್ತು. ಹೊಸ ಮನೆಗೆ ಪಾಯ ತೆಗೆಯುವ ಮುಂಚೆ ಅಜ್ಜ ದೊಡ್ಡಪ್ಪನನ್ನು ಕರೆದು, "ಮನೆ ಏಳೋ ಹೊತ್ಗೆ ಇವಳ್ನ ತೌರಿಗೆ ಬಿಟ್ಬಾ. ಒಲೆ ಮುಂದೆ ಕೂರಕ್ಕಾಗ್ದೋಳು ಇಲ್ಲಿ ಏನ್ ಮಾಡ್ತಾಳೆ?" ಅಂದ. ದೊಡ್ಡಪ್ಪ ನೆಲ ನೋಡಿದ.

ದೊಡ್ಡವ್ವ ಅಳಲಿಲ್ಲ. ಮರುದಿನ ಬೆಳಿಗ್ಗೆ ಮೊರದ ತುಂಬ ಬೂದಿ ತಂದು, ಮಟ್ಟ ಮಾಡಿದ ಜಾಗದಲ್ಲಿ ಅಡಿಗೆಮನೆಯ ಗೆರೆ ಎಳೆದಳು. ಇಲ್ಲಿಯ ಮಳೆ ಪಡುವಣದಿಂದ ಹೊಡೆಯುತ್ತದೆ, ಒಲೆ ಮೂಡಣ ಗೋಡೆಗೆ, ಒಂದು ಕಟ್ಟೆಯ ಮೇಲಿರಲಿ. ಮೇಲೆ ಹೊಗೆಗೊಂದು ಗವಾಕ್ಷಿ. ಒಲೆಯ ಪಕ್ಕದಲ್ಲೇ ನೀರಿನ ಹಂಡೆ, ಕೈಗೆಟಕುವಲ್ಲಿ ಹಿಟ್ಟಿನ ಮಡಕೆ, ಕಟ್ಟೆಯ ಹೊಟ್ಟೆಯೊಳಗೆ ಸೌದೆ. ಕಟ್ಟೆ ಸೊಂಟದೆತ್ತರ. ಆಮೇಲೆ ಅವ್ವನನ್ನು ಗೆರೆಯೊಳಕ್ಕೆ ಕರೆದು, ಇಲ್ಲದ ಹಂಡೆಯಿಂದ ನೀರು ಮೊಗೆಸಿ ಇಲ್ಲದ ಪಾತ್ರೆಗೆ ಹುಯ್ಯಿಸಿದಳು. ಇಬ್ಬರ ಭುಜ ತಾಗಿದಾಗ ಗೆರೆಯನ್ನು ಕಾಲಿನಿಂದ ಅಳಿಸಿ ಬಾಗಿಲನ್ನೇ ಆಚೆಗೆ ಸರಿಸಿದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ.

ಅಜ್ಜ ನಗಲಿಲ್ಲ. "ನಿಂತ್ಕಂಡು ಬೇಯ್ಸೋರು ಎಸ್ಟೇಟ್ ಬಂಗಲೆ ಬಟ್ಲರ್‌ಗಳು. ನಮ್ಮನೇಲಿ ಒಲೆ ನೆಲದ ಮೇಲಿರ್ತದೆ," ಎಂದು ಗೋಡೆ ಕಟ್ಟುವವರಿಗೆ ಕಟ್ಟೆ ಕಟ್ಟಕೂಡದೆಂದು ತಾಕೀತು ಮಾಡಿದ. ಗೋಡೆ ಎದ್ದು ಹೆಂಚು ಹೊದಿಸಿದ ಮೇಲೆ, ಗಂಡಸರು ಗದ್ದೆಗೆ ಹೋದ ಒಂದು ದಿನ ಅವ್ವ ಮಣ್ಣು ತುಳಿದಳು, ದೊಡ್ಡವ್ವ ಕಟ್ಟಿದಳು. ಸಂಜೆ ಬಂದ ಅಜ್ಜ ಗುದ್ದಲಿ ಎತ್ತಿ ಹಸಿ ಕಟ್ಟೆಯ ಒಂದು ಮೂಲೆ ಕೆಡವಿದ. ದೊಡ್ಡವ್ವ ಕದಲಲಿಲ್ಲ.

"ಪೂರ್ತಿ ಕೆಡವಿ ಮಾವ. ನಾಳೆ ಮತ್ತೆ ಕಟ್ತೀನಿ, ನಾಳಿದ್ದು ನೀವು ಮತ್ತೆ ಕೆಡವಿ. ಈ ಊರಲ್ಲಿ ಮಣ್ಣಿಗೇನು ಬರ ಇಲ್ಲ. ತೌರಿಗಂತೂ ನಾನು ಹೋಗಾಕಿಲ್ಲ."

ಮಾವನೆದುರು ಅದುವರೆಗೆ ಬಾಯಿ ತೆರೆಯದಿದ್ದ ಅವ್ವ ಬಾಗಿಲ ಮರೆಯಿಂದಲೇ, "ಅಕ್ಕ ಹೋದ್ರೆ ಈ ಮನೇಲಿ ನಾನೂ ಒಲೆ ಹಚ್ಚಾಕಿಲ್ಲ," ಅಂದಳು. ಅಜ್ಜ ಗುದ್ದಲಿ ಗೋಡೆಗೊರಗಿಸಿ ಹೊರಟುಹೋದ. ಮುರಿದ ಮೂಲೆಯನ್ನು ಅವರಿಬ್ಬರೂ ಅಂದೇ ಮೆತ್ತಿದರು.

ಆದರೆ ಮೊದಲ ಮುದ್ದೆ ಕೆಟ್ಟಿತು. ಎತ್ತರದ ಒಲೆಯ ಮೇಲೆ ಕೋಲು ಎದೆಮಟ್ಟಕ್ಕೆ ಬಂದು, ತೊಳಸುವ ತೋಳಿಗೆ ಬಲ ಸಿಗಲಿಲ್ಲ. ಅಜ್ಜ ಮುದ್ದೆ ಮುರಿದು ಒಳಗಿನ ಬಿಳಿ ಗಂಟನ್ನು ಎಲ್ಲರಿಗೂ ಕಾಣುವಂತೆ ತಟ್ಟೆಯಂಚಿಗಿಟ್ಟ. "ಹೌದು, ಗಂಟಾಗೈತೆ. ಒಲೆ ಎತ್ತರ ಆಯ್ತು, ತಗ್ಗಿಸ್ತೀನಿ. ಕೂರಾಕಿಲ್ಲ," ಅಂದಳು ದೊಡ್ಡವ್ವ. ಕಟ್ಟೆಯ ಪಕ್ಕಕ್ಕೆ ಮೊಣಕಾಲೆತ್ತರದ ಇನ್ನೊಂದು ಒಲೆ ಕಟ್ಟಿದಳು. ನಿಂತಲ್ಲಿಂದಲೇ ಬಾಗಿ ಮೈಯ ಭಾರವನ್ನೆಲ್ಲ ಕೋಲಿನ ಮೇಲೆ ಹಾಕಿ ತೊಳಸಿದಳು. ಆ ಮುದ್ದೆ ಬೆಣ್ಣೆಯಂತಿತ್ತು. ಅಜ್ಜ ಚೆನ್ನಾಗಿದೆ ಎನ್ನಲಿಲ್ಲ, ಸಾಯುವವರೆಗೂ ಅನ್ನಲಿಲ್ಲ. "ಇನ್ನರ್ಧ ಇಕ್ಕು," ಅಂದ, ಅಷ್ಟೇ. ತೌರಿನ ಮಾತು ಮತ್ತೆ ಏಳಲಿಲ್ಲ. ಮಜ್ಜಿಗೆ ಕೇಳುವ ನೆಪದಲ್ಲಿ ಬಂದ ನೆರೆಯ ಹೆಂಗಸರು ಗೇಣು ಹಾಕಿ ಕಟ್ಟೆ ಅಳೆದುಕೊಂಡು ಹೋದರು.

ಆ ಮನೆ ಈಗಿಲ್ಲ. ಪಾಲಾಯಿತು, ಮಾರಿದೆವು, ಕೊಂಡವರು ನೆಲಸಮ ಮಾಡಿ ಶುಂಠಿ ಹಾಕಿದ್ದಾರೆ. ಅದಕ್ಕೂ ಎಷ್ಟೋ ಮೊದಲೇ ದೊಡ್ಡವ್ವ ಹೋದಳು. ಸೂತಕದ ಆ ಮಧ್ಯಾಹ್ನ ಜನರೆಲ್ಲ ಜಗಲಿಯಲ್ಲಿದ್ದಾಗ ನಾನೊಬ್ಬಳೇ ಅಡಿಗೆಮನೆಗೆ ಹೋದೆ. ಅವಳು ಒರಗಿ ಒರಗಿ ಕಟ್ಟೆಯ ಅಂಚು ಸವೆದು, ಒಂದು ಸೊಂಟದಗಲ ಒಳಕ್ಕೆ ಬಾಗಿತ್ತು. ಅಲ್ಲಿ ಒರಗಿ ನಿಂತೆ. ನನಗೆ ಸರಿಯಾಗಿ ಹೊಂದಿತು. ಕಟ್ಟೆ ತಣ್ಣಗಿತ್ತು.