ಖಾಲಿ ಮಿಕ್ಸಿಯ ಸದ್ದು

ಕಾಗದನಗರದ ನಮ್ಮ ಕ್ವಾರ್ಟರ್ಸ್‌ನಲ್ಲಿ ಎರಡು ಮನೆಗೆ ಒಂದೇ ಗೋಡೆ. ಅಪ್ಪ ಅಮ್ಮನಿಗೆ ಹೊಡೆಯುವ ಮುಂಚೆ ನನಗೆ ಹೇಳುತ್ತಿದ್ದ: "ಮಿಕ್ಸಿ ಹಾಕೇ." ನಾನು ಖಾಲಿ ಜಾರ್ ಇಟ್ಟು ಗುಂಡಿ ತಿರುಗಿಸುತ್ತಿದ್ದೆ. ಬೆಲ್ಟಿನ ಏಟು, ಅಮ್ಮನ ಕೂಗು ಎರಡೂ ಆ ಗರ್‌ರ್‌ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದವು.

ಪಕ್ಕದ ಮನೆಯ ಅಕ್ಕ ನಲ್ಲಿಯ ಹತ್ತಿರ ಅಮ್ಮನನ್ನು ರೇಗಿಸುತ್ತಿದ್ದಳು. "ದಿನಾ ಚಟ್ನಿ ಅರೀತೀಯಲ್ಲ ಮಾರಾಯ್ತಿ, ನಮ್ಗೂ ಒಂದ್ ಸೌಟು ಕೊಡೇ." ಅಮ್ಮ ಒಡೆದ ತುಟಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ನಮ್ಮ ವಂಶದಲ್ಲೇ ಡಿಗ್ರಿ ಮಾಡಿದವಳು ನಾನೇ ಮೊದಲು. ಯಾರ ಕೈಕಾಲೂ ಹಿಡಿಯದೆ ಮಾಡಿದೆ. ಈಗ ಶಿವಮೊಗ್ಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಂದು ದೊಡ್ಡ ಟವರ್ ಬದಲು ಗೋಡೆಗೋಡೆಗೂ ಸಣ್ಣ ಆಂಟೆನಾ ಇಡುತ್ತೇವೆ. ಅವೆಲ್ಲ ಕೂಡಿ ಮಾತನ್ನು ಒಂದೇ ಫೋನಿಗೆ ಮುಟ್ಟಿಸುತ್ತವೆ. ಕದ್ದು ಕೇಳುವವನ ಕಿವಿಗೆ ಬರೀ ಗದ್ದಲ ತುಂಬುತ್ತವೆ. ಮೊದಲ ಪ್ರಯೋಗದ ದಿನ, ಕದ್ದು ಕೇಳಲೆಂದು ಇಟ್ಟಿದ್ದ ರಿಸೀವರ್ ಗರ್‌ರ್‌ ಎಂದಿತು. ಗೆದ್ದೆವು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೋಗಿ ಅದರ ಪ್ಲಗ್ ಕಿತ್ತುಬಿಟ್ಟೆ.

ಹಿಂದೊಮ್ಮೆ ಹೀಗೇ ಕಿತ್ತಿದ್ದೆ. ಆಗ ಏಳನೇ ಕ್ಲಾಸು. ಆ ಸಂಜೆ ಅಪ್ಪ ಬೆಲ್ಟ್ ಬಿಸಾಕಿ ಈಳಿಗೆಮಣೆ ಎತ್ತಿಕೊಂಡ. ಮೊದಲ ಏಟಿಗೇ ಅಮ್ಮನ ಹಣೆ ಒಡೆದು, ರಕ್ತ ಮಿಕ್ಸಿಯ ಮೇಲೆ ಚಿಮ್ಮಿತು. ಇನ್ನೊಂದು ಬಿದ್ದರೆ ಅವಳು ಉಳಿಯುವುದಿಲ್ಲ ಅನ್ನಿಸಿತು. ಓಡುತ್ತಿದ್ದ ಮಿಕ್ಸಿ ಆರಿಸಿದೆ.

ಅಮ್ಮನ ಚೀರಾಟ ಇಡೀ ಸಾಲಿಗೆ ಕೇಳಿತು.

"ಹಾಕೇ ಮುಂಡೇದೇ!"

ನಾನು ವೈರನ್ನೇ ಕಿತ್ತೆ. ಅಪ್ಪ ಒದ್ದ ರಭಸಕ್ಕೆ ನನ್ನ ಎಡಗೈ ಮೂಳೆ ಲಟಕ್ಕೆಂದಿತು. ಅಷ್ಟರಲ್ಲಿ ಚಿಲಕ ಮುರಿದು ಬಾಗಿಲು ತೆರೆಯಿತು. ಮುಂದೆ ಪಕ್ಕದ ಮನೆಯ ಅಕ್ಕ, ಹಿಂದೆ ಸಾಲುಮನೆಗಳ ಗಂಡಸರು.

"ಇದೇನೋ ನಿನ್ ಚಟ್ನಿ? ಥೂ!" ಎಂದು ಅವಳು ಅಪ್ಪನ ಕಪಾಳಕ್ಕೆ ಬಿಗಿದಳು. ಗಂಡಸರು ಅವನನ್ನು ಅಂಗಳಕ್ಕೆಳೆದು ತುಳಿದರು. ನಾನು ಬಿಡಿಸಲಿಲ್ಲ. ಕೈ ಹಿಡಿದುಕೊಂಡು ನೋಡುತ್ತಾ ನಿಂತೆ. ಆಮೇಲೆ ಅವನು ಅಮ್ಮನ ಮೈ ಮುಟ್ಟಲಿಲ್ಲ.

ಪ್ರಯೋಗದ ಮರುದಿನ ನಮ್ಮ ಪ್ರೋಗ್ರಾಮಿಗೆ ಒಂದು ನಿಯಮ ಸೇರಿಸಿದೆ: ಯಾರಾದರೂ ಫೋನಿನ ತುರ್ತು ಗುಂಡಿ ಒತ್ತಿದರೆ ಗದ್ದಲ ನಿಲ್ಲಬೇಕು, ಎಲ್ಲ ಆಂಟೆನಾಗಳೂ ಅವರ ಮಾತನ್ನೇ ಹಿಡಿಯಬೇಕು.

ನನ್ನ ಸಂಶೋಧನೆಯ ಗೈಡ್ ಕನ್ನಡಕ ತೆಗೆದರು. "ಏನಮ್ಮ ಇದು? ಗದ್ದಲ ನಿಂತ್ರೆ ಕಳ್ಳನೂ ಕೇಳಿಸ್ಕೋತಾನಲ್ಲ?"

"ಕೇಳಿಸ್ಕೊಳ್ಲಿ ಸರ್," ಎಂದೆ.